ಅಪ್ಪನ ರೇಡಿಯೊ, ನನ್ನ ಟ್ಯೂಬ್‌ಲೈಟು

ಅಪ್ಪ ಪುಣೆಗೆ ಬಂದು ಮೂರು ವಾರವಾಗಿತ್ತು. ಅವ್ವ ತೀರಿಕೊಂಡ ಮೇಲೆ ಹಾವೇರಿ ಕಡೆಯ ನಮ್ಮೂರಲ್ಲಿ ಒಬ್ಬರೇ ಇರುವುದು ಬೇಡ ಎಂದು ನಾನೇ ಹಟ ಮಾಡಿ ಕರೆದುಕೊಂಡು ಬಂದಿದ್ದೆ. ಬರುವಾಗ ಅವರ ಕೈಯಲ್ಲಿದ್ದದ್ದು ಎರಡು ಚೀಲ. ಒಂದರಲ್ಲಿ ಬಟ್ಟೆ. ಇನ್ನೊಂದರಲ್ಲಿ ಜೋಳದ ಹಿಟ್ಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಇವುಗಳ ನಡುವೆ ಟವೆಲ್ಲಿನಲ್ಲಿ ಸುತ್ತಿದ ಒಂದು ಹಳೆಯ ಟ್ರಾನ್ಸಿಸ್ಟರ್.

ರಾತ್ರಿ ಊಟವಾದ ಮೇಲೆ ಅದನ್ನು ಹಿಡಿದುಕೊಂಡು ಬಾಲ್ಕನಿಗೆ ಹೋಗುತ್ತಿದ್ದರು. ಕಿವಿಗೆ ಹಚ್ಚಿಕೊಂಡು, ಮುಳ್ಳನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ, ಆಮೇಲೆ ರೇಡಿಯೊವನ್ನೇ ಅತ್ತಿತ್ತ ತಿರುಗಿಸಿ, ಐದು ನಿಮಿಷಕ್ಕೆ ಬಂದ್ ಮಾಡಿ ಒಳಗೆ ಬಂದು ಮಲಗುತ್ತಿದ್ದರು. ದಣಿದಿರಬೇಕು ಎಂದುಕೊಂಡಿದ್ದೆ. ಒಂದು ದಿನ ಕೇಳಿಯೇಬಿಟ್ಟೆ.

“ಧಾರವಾಡ ಹತ್ತವಲ್ದು ತಮ್ಮಾ. ಬರೇ ಗರ್ರ್ ಅಂತೈತಿ.”

“ಮೂರು ವಾರದಿಂದನೂ ಹಿಂಗ ಐತೇನಪ್ಪಾ? ಹೇಳಬಾರದಾ?”

“ಏನ್ ಹೇಳೂದು? ನಿಮ್ಮ ಪುಣೆದ ಹವಾನ ಹಿಂಗೈತಿ ಅನ್ಕೊಂಡೆ. ದೊಡ್ಡ ಊರು, ಗದ್ದಲ ಇರೂದ.”

ಈ ಮಾತನ್ನು ಅವರು ಬೇಸರದಿಂದ ಹೇಳಲಿಲ್ಲ. ಬಿಸಿಲು ಹೆಚ್ಚು, ನೀರು ಸಪ್ಪೆ ಎನ್ನುವ ಹಾಗೆ ಹೇಳಿದರು. ಆ ರಾತ್ರಿ ನನಗೆ ಅದು ಅಷ್ಟಾಗಿ ನಾಟಲಿಲ್ಲ. ಬದಲಿಗೆ ಒಳಗೊಳಗೇ ಉತ್ಸಾಹ ಬಂತು. ಯಾಕೆಂದರೆ ಈ ‘ಗರ್ರ್’ ನನ್ನ ಕಸುಬು. ನಾನು ಇಲ್ಲಿ ಎಲ್‌ಇಡಿ ದೀಪಗಳ ಡ್ರೈವರ್ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಎಂಜಿನಿಯರು. ಉಪಕರಣಗಳು ಹೊರಗೆ ಸೂಸುವ ವಿದ್ಯುತ್ ಗದ್ದಲವನ್ನು ಅಳೆಯುವುದು, ಮಿತಿಯೊಳಗೆ ತರುವುದು ನನ್ನ ಕೆಲಸದ ಒಂದು ಭಾಗ.

ಆಕಾಶವಾಣಿ ಧಾರವಾಡದ ಮಧ್ಯಮ ತರಂಗ 765 ಕಿಲೋಹರ್ಟ್ಸ್. 1950ರಲ್ಲಿ ಶುರುವಾದ ನಿಲಯ. ಹಗಲಲ್ಲಿ ಪುಣೆಯವರೆಗೆ ಅದರ ದನಿ ಬರುವುದು ಕಷ್ಟ. ಸೂರ್ಯ ಮುಳುಗಿದ ಮೇಲೆ ಮಾತ್ರ ಮಧ್ಯಮ ತರಂಗಗಳು ಆಕಾಶದ ಅಯಾನುಗೋಳಕ್ಕೆ ತಾಗಿ ದೂರದ ಊರುಗಳಲ್ಲಿ ಇಳಿಯುತ್ತವೆ. ನಾನೂರು ಕಿಲೋಮೀಟರು ದಾಟಿ ಬರುವ ಈ ದನಿ ಬಹಳ ಕ್ಷೀಣ. ಪಕ್ಕದಲ್ಲಿ ಯಾರಾದರೂ ಪಿಸುಗುಟ್ಟಿದರೂ ಅದು ಮುಳುಗಿಹೋಗುತ್ತದೆ.

ಪಿಸುಗುಟ್ಟುತ್ತಿರುವವರು ಯಾರು ಎಂದು ಹುಡುಕಲು ದೊಡ್ಡ ಉಪಕರಣ ಬೇಕಿಲ್ಲ. ಬ್ಯಾಟರಿ ರೇಡಿಯೊ ಒಂದಿದ್ದರೆ ಸಾಕು. ಮನೆಯ ಮೇನ್ ಸ್ವಿಚ್ ಬಂದ್ ಮಾಡಿದೆ. ಗದ್ದಲ ಪೂರ್ತಿ ಹೋಗದಿದ್ದರೂ ಮುಕ್ಕಾಲು ಪಾಲು ನಿಂತಿತು. ಕತ್ತಲಲ್ಲಿ, ದೂರದಿಂದ, ಕನ್ನಡದಲ್ಲಿ ಯಾರೋ ವಾರ್ತೆ ಓದುವುದು ಕೇಳಿಸಿತು. ಅಪ್ಪನ ಮುಖ ಕಾಣಲಿಲ್ಲ, “ಹಾಂ!” ಎಂದದ್ದು ಕೇಳಿಸಿತು. ಅಂದರೆ ಕಳ್ಳ ಮನೆಯೊಳಗೇ ಇದ್ದ. ಸ್ವಿಚ್ ಹಾಕಿ ಒಂದೊಂದೇ ತೆಗೆಯುತ್ತ ಹೋದೆ. ಫ್ರಿಜ್ ಅಲ್ಲ. ವೈಫೈ ಅಲ್ಲ. ಮೊಬೈಲ್ ಚಾರ್ಜರ್ ಸ್ವಲ್ಪ ಗುಂಯ್ ಎಂದಿತು, ಆದರೆ ಅದೂ ಅಲ್ಲ. ಹಾಲ್‌ನ ಟ್ಯೂಬ್‌ಲೈಟ್ ಆರಿಸಿದಾಗ ಗದ್ದಲ ನಿಂತಿತು. ಹಾಕಿದಾಗ ಬಂತು. ಮತ್ತೆ ಆರಿಸಿದೆ, ಮತ್ತೆ ಹಾಕಿದೆ.

ಆ ಟ್ಯೂಬ್‌ಲೈಟ್ ನಮ್ಮ ಕಂಪನಿಯದು. ನಾನೇ ತಂದು ಹಾಕಿದ್ದು.

ಅಪ್ಪನಿಗೆ “ದೀಪದಿಂದ ಬರತೈತಿ, ನಾಳೆ ಬದಲು ಮಾಡ್ತೀನಿ” ಎಂದಷ್ಟೇ ಹೇಳಿದೆ. ಅವರು ಮಲಗಿದ ಮೇಲೆ ಸ್ಟೂಲ್ ಹಾಕಿಕೊಂಡು ಅದನ್ನು ಇಳಿಸಿ ಬಿಚ್ಚಿದೆ. ಬಿಚ್ಚದಿದ್ದರೂ ಒಳಗೇನಿದೆ ಎಂದು ನನಗೆ ಗೊತ್ತಿತ್ತು. ಸರ್ಕ್ಯೂಟ್ ಬೋರ್ಡಿನ ಮೇಲೆ ಕರೆಂಟು ಒಳಬರುವ ಕಡೆ ಎರಡು ಜಾಗ ಖಾಲಿ ಇವೆ. ಒಂದು ಚೋಕ್ ಸುರುಳಿಯದು, ಒಂದು ಕೆಪಾಸಿಟರಿನದು. ಹೆಸರು ಅಚ್ಚಾಗಿದೆ, ರಂಧ್ರಗಳಿವೆ, ವಸ್ತು ಇಲ್ಲ. ಸುರುಳಿಯ ಜಾಗದಲ್ಲಿ ತಂತಿಯ ತುಂಡು ಹಾಕಿ ಬೆಸೆದಿದ್ದಾರೆ.

ಇದು ಏನು ಎಂದು ಸ್ವಲ್ಪ ವಿವರಿಸಬೇಕು. ಎಲ್‌ಇಡಿ ಡ್ರೈವರ್ ಇರಲಿ, ಮೊಬೈಲ್ ಚಾರ್ಜರ್ ಇರಲಿ, ಒಳಗೆ ಮಾಡುವ ಕೆಲಸ ಒಂದೇ. ಕರೆಂಟನ್ನು ಸೆಕೆಂಡಿಗೆ ಅರವತ್ತು, ಎಪ್ಪತ್ತು ಸಾವಿರ ಸಲ ಹಾಕಿ ತೆಗೆದು, ಬೇಕಾದಷ್ಟು ಅಳತೆಗೆ ಇಳಿಸುವುದು. ಹಾಗೆ ಹಾಕಿ ತೆಗೆಯುವಾಗ ಆ ಸಂಖ್ಯೆಯ ಎರಡರಷ್ಟು, ಮೂರರಷ್ಟು, ಹತ್ತರಷ್ಟು, ಇಪ್ಪತ್ತರಷ್ಟು, ಹೀಗೆ ಮಗ್ಗಿಯ ಉದ್ದಕ್ಕೂ ಗದ್ದಲ ಹುಟ್ಟುತ್ತದೆ. ಅದು ವೈರಿಂಗಿಗೆ ಇಳಿದರೆ ಇಡೀ ಮನೆಯ ತಂತಿಯೇ ಆಂಟೆನಾ ಆಗುತ್ತದೆ. ಮಧ್ಯಮ ತರಂಗದ ರೇಡಿಯೊ ಇದೇ ಮಗ್ಗಿಯ ಹಾದಿಯಲ್ಲಿದೆ. ಗದ್ದಲ ತಂತಿಗೆ ಇಳಿಯದಂತೆ ಬಾಗಿಲಲ್ಲೇ ತಡೆಯುವುದು ಆ ಸುರುಳಿ ಮತ್ತು ಆ ಕೆಪಾಸಿಟರಿನ ಕೆಲಸ. ಅವು ಇಲ್ಲದಿದ್ದರೂ ದೀಪ ಚೆನ್ನಾಗಿಯೇ ಉರಿಯುತ್ತದೆ. ಕೊಂಡವನಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ.

ಪರೀಕ್ಷೆಗೆಂದು ಲ್ಯಾಬಿಗೆ ಕಳಿಸಿದ ಮಾದರಿಯಲ್ಲಿ ಎರಡೂ ಇದ್ದವು. ದೀಪಗಳಿಗೆ ಅನ್ವಯಿಸುವ ಸಿಸ್ಪರ್ 15 ಎಂಬ ಮಾನದಂಡದಲ್ಲಿ ಅದು ಪಾಸಾಗಿ ಸರ್ಟಿಫಿಕೇಟೂ ಬಂದಿತ್ತು. ಆಮೇಲೆ ಬೆಲೆ ಇಳಿಸುವ ಮೀಟಿಂಗ್ ನಡೆಯಿತು. ಪಟ್ಟಿಯಲ್ಲಿ ಒಂದೊಂದೇ ಸಾಲು ನೋಡುತ್ತ ಹೋಗಿ, ದೀಪಕ್ಕೆ ಎಂಟು ರೂಪಾಯಿ ಚಿಲ್ಲರೆ ಉಳಿಸುವ ಈ ಎರಡು ವಸ್ತುಗಳ ಹತ್ತಿರ ಬಂದು ನಿಂತೆವು. ನಾನು ಬೇಡ ಎಂದೆ. ಮಾಲೀಕರು ಒಳ್ಳೆಯ ಮನುಷ್ಯ, ಏರುದನಿಯವರಲ್ಲ. ನಗುತ್ತ ಕೇಳಿದರು: “ಈಗ ಎಎಂ ರೇಡಿಯೊ ಯಾರು ಕೇಳ್ತಾರೆ? ನಿಮ್ಮ ಮನೆಯಲ್ಲಿ ಇದೆಯಾ?”

ಇರಲಿಲ್ಲ. “ಇಲ್ಲ” ಎಂದೆ. ಕಾಗದಕ್ಕೆ ಸಹಿ ಹಾಕಿದೆ.

ನೀವು ಈಗ ಇದನ್ನು ಓದುತ್ತಿರುವ ಲ್ಯಾಪ್‌ಟಾಪಿನ ಅಡಿಯಲ್ಲೋ, ಅದರ ಕೈಪಿಡಿಯ ಕೊನೆಯ ಪುಟದಲ್ಲೋ ಸಣ್ಣ ಅಕ್ಷರದ ಒಂದು ಬರಹ ಇರುತ್ತದೆ. ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ ನಿಯಮಗಳ 15ನೇ ಭಾಗದ್ದು. ಅದರಲ್ಲಿ ಎರಡು ಷರತ್ತುಗಳಿವೆ. ಒಂದು, ಈ ಉಪಕರಣ ಬೇರೆಯವರಿಗೆ ಹಾನಿಯಾಗುವ ಅಡಚಣೆ ಮಾಡಬಾರದು. ಎರಡು, ಬೇರೆಯವರಿಂದ ಬರುವ ಅಡಚಣೆಯನ್ನೆಲ್ಲ, ತನ್ನ ಕೆಲಸ ಕೆಟ್ಟರೂ, ಇದು ಒಪ್ಪಿಕೊಳ್ಳಬೇಕು. ನಮ್ಮ ದೇಶದ್ದೂ ಇದೇ ಧಾಟಿ. 2005ರಲ್ಲಿ ವೈಫೈ, ಬ್ಲೂಟೂತ್‌ಗಳು ಬಳಸುವ 2.4 ಗಿಗಾಹರ್ಟ್ಸ್ ತರಂಗಾಂತರವನ್ನು ಲೈಸೆನ್ಸ್‌ಮುಕ್ತ ಮಾಡಿದಾಗ ಸರ್ಕಾರ ಹಾಕಿದ ಷರತ್ತು ಕೂಡ ಅಡಚಣೆ ಮಾಡಬೇಡ, ರಕ್ಷಣೆ ಕೇಳಬೇಡ, ಹಂಚಿಕೊಂಡು ಬಳಸು ಎಂದೇ.

ಹತ್ತು ವರ್ಷ ಈ ಸಾಲುಗಳನ್ನು ಲೇಬಲ್ಲಿಗೆ ಅಂಟಿಸುವ ಕಸುಬಿನಲ್ಲಿದ್ದೇನೆ. ಅವು ನೀತಿಯ ಮಾತಿನಂತೆ ಕೇಳಿಸಿದ್ದು ಆ ರಾತ್ರಿಯೇ. ಪರರಿಗೆ ನೋವು ಕೊಡಬೇಡ, ಬಂದ ನೋವನ್ನು ತಾಳಿಕೊ. ನಮ್ಮ ಹಿರಿಯರು ಮಕ್ಕಳಿಗೆ ಹೇಳುತ್ತಿದ್ದದ್ದೂ ಹೆಚ್ಚು ಕಡಿಮೆ ಇದನ್ನೇ. ನೋಡಿದರೆ ನಮ್ಮ ಮನೆಯಲ್ಲಿ ಈ ಎರಡು ಷರತ್ತುಗಳನ್ನು ಇಬ್ಬರು ಹಂಚಿಕೊಂಡಿದ್ದೆವು. ಮೊದಲನೆಯದನ್ನು ಮುರಿದವನು ನಾನು. ಎರಡನೆಯದನ್ನು ಮೂರು ವಾರ ಪಾಲಿಸಿದವರು ಅಪ್ಪ.

ಈ ನಿಯಮಗಳು ಹುಟ್ಟಿದ್ದು ಹೇಗೆ ಎನ್ನುವುದನ್ನೂ ನೆನೆಯಬೇಕು. ರೇಡಿಯೊ ಮನೆಮನೆಗೆ ಬರುವ ಕಾಲಕ್ಕೆ ವಿದ್ಯುತ್ ಮೋಟರುಗಳು, ಮಿಕ್ಸರುಗಳು, ಟ್ರಾಮುಗಳು ಬಂದಿದ್ದವು. ಒಬ್ಬರ ಅನುಕೂಲ ಇನ್ನೊಬ್ಬರ ಕಿವಿಯಲ್ಲಿ ಕರಕರ ಎನ್ನತೊಡಗಿತು. 1934ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿ ಇದಕ್ಕೆಂದೇ ಒಂದು ಅಂತಾರಾಷ್ಟ್ರೀಯ ಸಮಿತಿಯನ್ನು ಕಟ್ಟಿದರು. ಸಿಸ್ಪರ್ ಎಂದರೆ ಅದೇ. ಅಮೆರಿಕದ ಎಫ್‌ಸಿಸಿ ಹುಟ್ಟಿದ್ದೂ ಅದೇ ವರ್ಷ. ಅಂದರೆ ಇಡೀ ಏರ್ಪಾಡು ಶುರುವಾದದ್ದು ಸಂಜೆ ರೇಡಿಯೊ ಮುಂದೆ ಕೂತ ಮಾಮೂಲಿ ಕೇಳುಗನಿಗಾಗಿ. ನಮ್ಮಲ್ಲಿ ಎಂಬತ್ತರ ದಶಕದ ಮಧ್ಯದವರೆಗೂ ಆ ಕೇಳುಗ ಪೋಸ್ಟ್ ಆಫೀಸಿಗೆ ಹೋಗಿ ರೇಡಿಯೊಗೆ ಲೈಸೆನ್ಸ್ ಶುಲ್ಕ ಕಟ್ಟುತ್ತಿದ್ದ. ಅಪ್ಪನ ಟ್ರಂಕಿನಲ್ಲಿ ಆ ಲೈಸೆನ್ಸ್ ಪುಸ್ತಕ ಇನ್ನೂ ಇದೆ. ಕೇಳುವುದಕ್ಕೆ ಅವರು ದುಡ್ಡು ಕೊಟ್ಟರು. ಗದ್ದಲ ಮಾಡುವುದಕ್ಕೆ ನನ್ನ ದೀಪ ಏನನ್ನೂ ಕೊಡಲಿಲ್ಲ, ಎಂಟು ರೂಪಾಯಿ ಉಳಿಸಿತು.

ಅಡಚಣೆ ಮಾಡಿದವರು ಸಿಕ್ಕಿಬಿದ್ದ ಕೆಲವು ಪ್ರಸಂಗಗಳನ್ನು ನಮ್ಮ ಕಸುಬಿನವರು ಚಹಾ ಕುಡಿಯುವಾಗ ಹೇಳಿಕೊಂಡು ನಗುತ್ತಿರುತ್ತೇವೆ. ವೇಲ್ಸ್‌ನ ಅಬರ್‌ಹೋಸನ್ ಎಂಬ ಹಳ್ಳಿಯಲ್ಲಿ ಹದಿನೆಂಟು ತಿಂಗಳು ದಿನಾ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಊರಿನ ಇಂಟರ್‌ನೆಟ್ ಕೈಕೊಡುತ್ತಿತ್ತು. ಕೇಬಲ್ ಬದಲಿಸಿದರೂ ಪ್ರಯೋಜನವಾಗಲಿಲ್ಲ. 2020ರಲ್ಲಿ ದೂರವಾಣಿ ಜಾಲದ ಎಂಜಿನಿಯರುಗಳು ಬೆಳಗಿನ ಮಳೆಯಲ್ಲಿ ಅಳೆಯುವ ಯಂತ್ರ ಹಿಡಿದು ಊರೆಲ್ಲ ಸುತ್ತಿ ಕಂಡುಹಿಡಿದರು. ಒಂದು ಮನೆಯವರು ಏಳು ಗಂಟೆಗೆ ತಮ್ಮ ಹಳೆಯ ಟಿವಿ ಹಾಕುತ್ತಿದ್ದರು. ಆ ಟಿವಿ ಸೂಸುತ್ತಿದ್ದ ಗದ್ದಲಕ್ಕೆ ಊರಿನ ಲೈನೇ ಕುಸಿಯುತ್ತಿತ್ತು. ವಿಷಯ ತಿಳಿದ ಮನೆಯವರು ನಾಚಿಕೆಯಿಂದ ಕುಗ್ಗಿಹೋಗಿ, ಅದನ್ನು ಮತ್ತೆ ಹಾಕುವುದೇ ಇಲ್ಲ ಎಂದರು. ಇನ್ನೊಂದು 2004ರದು, ಅಮೆರಿಕದ ಆರಿಗನ್ ರಾಜ್ಯದ್ದು. ಒಬ್ಬ ವಿದ್ಯಾರ್ಥಿಯ ಟಿವಿ ಕೆಟ್ಟು, ಅಪಘಾತಕ್ಕೆ ಸಿಕ್ಕ ವಿಮಾನಗಳು ಕೂಗುವ 121.5 ಮೆಗಾಹರ್ಟ್ಸ್‌ನಲ್ಲಿ ‘ಕಾಪಾಡಿ’ ಎಂದು ಕೂಗತೊಡಗಿತು. ಉಪಗ್ರಹ ಅದನ್ನು ಕೇಳಿಸಿಕೊಂಡಿತು. ಪೊಲೀಸರು, ವಿಮಾನ ಶೋಧ ದಳದವರು ಅವನ ಬಾಗಿಲು ತಟ್ಟಿದರು. ಮತ್ತೆ ಹಾಕಿದರೆ ದಿನಕ್ಕೆ ಹತ್ತು ಸಾವಿರ ಡಾಲರ್ ದಂಡ ಎಂದು ಎಚ್ಚರಿಸಿದರು. ಪಾಪ, ಅವನು ಕೂತು ಟಿವಿ ನೋಡುತ್ತಿದ್ದ, ಅಷ್ಟೆ.

ಬೇಕೆಂದೇ ಮಾಡಿದವರೂ ಇದ್ದಾರೆ. ನ್ಯೂಜೆರ್ಸಿಯಲ್ಲಿ 2012ರಲ್ಲಿ ಒಬ್ಬ ನೌಕರ, ತಾನೆಲ್ಲಿದ್ದೇನೆ ಎಂದು ಕಂಪನಿಗೆ ತಿಳಿಯಬಾರದೆಂದು ಗಾಡಿಯಲ್ಲಿ ಜಿಪಿಎಸ್ ಜ್ಯಾಮರ್ ಇಟ್ಟುಕೊಂಡಿದ್ದ. ಅದು ನೆವಾರ್ಕ್ ವಿಮಾನ ನಿಲ್ದಾಣದಲ್ಲಿ ವಿಮಾನ ಇಳಿಸಲು ನೆರವಾಗುವ ವ್ಯವಸ್ಥೆಗೇ ಅಡ್ಡ ಬಂತು. ಎಫ್‌ಸಿಸಿ ಸುಮಾರು 32,000 ಡಾಲರ್ ದಂಡ ಹೇಳಿತು. ಫ್ರಾನ್ಸಿನ ಮೆಸಾಂಜ್ ಎಂಬಲ್ಲಿ ಒಬ್ಬ ತಂದೆ, ಮಕ್ಕಳು ರಾತ್ರಿಯಿಡೀ ಮೊಬೈಲ್ ಹಿಡಿದು ಕೂರುತ್ತಾರೆಂದು ಜ್ಯಾಮರ್ ತಂದು, ನಡುರಾತ್ರಿಯಿಂದ ಮೂರರವರೆಗೆ ಹಾಕಿಡುತ್ತಿದ್ದ. ಊರಿಗೆ ಊರೇ ಸಂಪರ್ಕ ಕಳೆದುಕೊಂಡಿತು. ಅಲ್ಲಿನ ತರಂಗಾಂತರ ಸಂಸ್ಥೆಯವರು ಬಂದು ಹಿಡಿದರು. ನಮ್ಮ ದೂರಸಂಪರ್ಕ ಇಲಾಖೆಯೂ 2022ರಲ್ಲಿ ಜ್ಯಾಮರ್‌ಗಳನ್ನಷ್ಟೇ ಅಲ್ಲ, ಮನೆಯಲ್ಲಿ ಸಿಗ್ನಲ್ ಬರುವುದಿಲ್ಲವೆಂದು ನಾವು ಆನ್‌ಲೈನಿನಲ್ಲಿ ಕೊಳ್ಳುವ ಮೊಬೈಲ್ ಬೂಸ್ಟರ್‌ಗಳನ್ನೂ ಖಾಸಗಿಯಾಗಿ ಇಟ್ಟುಕೊಳ್ಳುವುದು ಕಾನೂನುಬಾಹಿರ ಎಂದು ಎಚ್ಚರಿಸಿತು. ನನಗೆ ಸಿಗ್ನಲ್ ತರುವ ಪೆಟ್ಟಿಗೆ ಬೀದಿಯ ಟವರಿಗೆ ಕಿರುಕುಳವಾಗಬಹುದು ಎನ್ನುವುದು ಕಾರಣ.

ಈ ಪ್ರಸಂಗಗಳಲ್ಲಿ ನ್ಯಾಯ ಸುಲಭ. ತಿಳಿಯದೆ ಮಾಡಿದವರಿಗೆ ತಿಳಿಸಿದರೆ ಮುಗಿಯಿತು. ಬೇಕೆಂದೇ ಮಾಡಿದವರಿಗೆ ದಂಡ. ನಾನು ಎರಡರಲ್ಲಿ ಎಲ್ಲಿ ಬರುತ್ತೇನೆ? ಅಡಚಣೆ ಮಾಡಬೇಕೆಂಬ ಉದ್ದೇಶ ನನಗಿರಲಿಲ್ಲ. ಆದರೆ ವೇಲ್ಸಿನ ಆ ಮನೆಯವರ ಹಾಗೆ ಗೊತ್ತಿಲ್ಲದೆಯೂ ಮಾಡಲಿಲ್ಲ. ಎಷ್ಟು ಗದ್ದಲವಾಗುತ್ತದೆಂದು ಅಂಕಿಗಳಲ್ಲಿ ಗೊತ್ತಿತ್ತು. ಯಾರಿಗೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ. ಗೊತ್ತಿರದೆ ಇರುವುದು ಆಗ ಅನುಕೂಲವಾಗಿತ್ತು.

ಮಾಲೀಕರ ಮಾತನ್ನು ಹಗುರವಾಗಿ ತೆಗೆದುಹಾಕಲಾರೆ. ಅದಕ್ಕೊಂದು ಗಟ್ಟಿ ವಾದದ ಬೆನ್ನೆಲುಬಿದೆ. ರೊನಾಲ್ಡ್ ಕೋಸ್ ಎಂಬ ಅರ್ಥಶಾಸ್ತ್ರಜ್ಞ 1959ರಲ್ಲಿ ಎಫ್‌ಸಿಸಿಯ ಬಗ್ಗೆಯೇ ಒಂದು ಪ್ರಬಂಧ ಬರೆದ. ಮರುವರ್ಷ ಅದನ್ನು ಬೆಳೆಸಿ ಬರೆದದ್ದು ಅರ್ಥಶಾಸ್ತ್ರದ ದಿಕ್ಕನ್ನೇ ಬದಲಿಸಿತು, 1991ರಲ್ಲಿ ಅವನಿಗೆ ನೊಬೆಲ್ ಬಂತು. ಅವನು ಹೇಳಿದ್ದು ಇಷ್ಟು: ಅಡಚಣೆಗೆ ಇಬ್ಬರು ಬೇಕು. ಗದ್ದಲ ಮಾಡುವವನು ಕೇಳುವವನಿಗೆ ತೊಂದರೆ ಕೊಡುತ್ತಾನೆ ಎನ್ನುತ್ತೇವೆ. ಆದರೆ ಗದ್ದಲ ನಿಲ್ಲಿಸು ಎಂದರೆ ಕೇಳುವವನು ಮಾಡುವವನಿಗೆ ತೊಂದರೆ ಕೊಟ್ಟ ಹಾಗಾಯಿತು. ಆದ್ದರಿಂದ ಯಾರು ಯಾರಿಗೆ ತೊಂದರೆ ಕೊಟ್ಟರು ಎಂದಲ್ಲ, ಯಾವ ತೊಂದರೆ ತಪ್ಪಿಸಿದರೆ ಒಟ್ಟಿನಲ್ಲಿ ನಷ್ಟ ಕಡಿಮೆ ಎಂದು ಕೇಳಬೇಕು.

ಕೋಸ್ ಎತ್ತಿಕೊಂಡ ಒಂದು ಮೊಕದ್ದಮೆ ಲಂಡನ್ನಿನದು, 1879ರಲ್ಲಿ ತೀರ್ಮಾನವಾದದ್ದು. ಒಬ್ಬ ಮಿಠಾಯಿಗಾರ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ತನ್ನ ಅಡುಗೆಮನೆಯಲ್ಲಿ ಕುಟ್ಟುವ ಕಲ್ಲುಗಳನ್ನು ನಡೆಸಿಕೊಂಡು ಬಂದಿದ್ದ. ಹಿಂದಿನ ಮನೆಗೆ ಬಂದ ವೈದ್ಯ ಕೆಲವು ವರ್ಷಗಳಾದ ಮೇಲೆ ಆ ಗೋಡೆಗೆ ಹೊಂದಿಕೊಂಡೇ ರೋಗಿಗಳನ್ನು ನೋಡುವ ಕೋಣೆ ಕಟ್ಟಿಸಿದ. ಸ್ಟೆತಸ್ಕೋಪಿನಲ್ಲಿ ಎದೆಬಡಿತದ ಬದಲು ಕುಟ್ಟುವ ಸದ್ದು ಕೇಳಿಸಿತು. ನ್ಯಾಯಾಲಯ ವೈದ್ಯನ ಪರ ನಿಂತಿತು. ಕೋಸ್ ಅನ್ನುತ್ತಾನೆ, ಯಾರ ಪರ ನಿಂತರೂ ಸರಿಯೇ, ಇಬ್ಬರೂ ಕೂತು ಮಾತಾಡುವುದು ಸುಲಭವಿದ್ದರೆ ಚೌಕಾಸಿ ಮಾಡಿ ಒಂದು ದಾರಿ ಕಂಡುಕೊಳ್ಳುತ್ತಾರೆ.

ಈ ಲೆಕ್ಕದಲ್ಲಿ ನನ್ನ ಮಾಲೀಕರು ಸರಿ. ಲಕ್ಷ ದೀಪಗಳಿಗೆ ಎಂಟೆಂಟು ರೂಪಾಯಿ ಒಂದು ಕಡೆ. ಇನ್ನೊಂದು ಕಡೆ ಕೆಲವು ಮುದುಕರು ಆಕಾಶವಾಣಿಯನ್ನು ಮೊಬೈಲ್ ಆ್ಯಪಿನಲ್ಲಿ ಕೇಳಲು ಕಲಿಯುವ ಕಷ್ಟ. ಎಂಟು ರೂಪಾಯಿ ಉಳಿದರೆ ದೀಪ ಅಗ್ಗವಾಗಿ ಇನ್ನೊಂದು ಬಡ ಮನೆಗೆ ಹೋಗುತ್ತದೆ, ಇದೂ ಸುಳ್ಳಲ್ಲ. ನಾನು ಅಪ್ಪನಿಗೆ ಆ್ಯಪ್ ಹಾಕಿಕೊಟ್ಟೆ ಕೂಡ. ಧಾರವಾಡ ಗಾಜಿನಷ್ಟು ಸ್ವಚ್ಛ ಕೇಳಿಸಿತು. ಅಪ್ಪ ಎರಡು ದಿನ ಕೇಳಿದರು. ಮೂರನೆಯ ದಿನ ಮೊಬೈಲ್ ನನ್ನ ಕೈಗಿಟ್ಟು, “ಇದು ನಿನ್ನ ಫೋನಿನಾಗಿಂದ ಬರತೈತಿ. ಅದು ಧಾರವಾಡದಿಂದ ಬರತಿತ್ತು” ಅಂದರು. ಇದಕ್ಕೆ ಉತ್ತರ ಕೊಡುವ ತಾಂತ್ರಿಕ ಜ್ಞಾನ ನನ್ನಲ್ಲಿದೆ, ಕೊಡಲು ಮನಸ್ಸು ಬರಲಿಲ್ಲ.

ಆದರೂ ಕೋಸ್‌ನ ಲೆಕ್ಕ ಎಲ್ಲಿ ತಪ್ಪುತ್ತದೆ ಎಂದು ಯೋಚಿಸಿದಾಗ ನನಗೆ ತೋಚಿದ್ದು ಆ್ಯಪ್ ಅಲ್ಲ, ಅಪ್ಪನ ಮೊದಲ ಮಾತು. “ನಿಮ್ಮ ಪುಣೆದ ಹವಾನ ಹಿಂಗೈತಿ.” ಮಿಠಾಯಿಗಾರ ಯಾರು ಎಂದು ವೈದ್ಯನಿಗೆ ಗೊತ್ತಿತ್ತು, ಸದ್ದು ಗೋಡೆಯಾಚೆಯದು. ಅದಕ್ಕೇ ಮೊಕದ್ದಮೆ ಹೂಡಿದ. ರೇಡಿಯೊ ಗದ್ದಲಕ್ಕೆ ಮುಖವಿಲ್ಲ. ಕೇಳುವವನಿಗೆ ಅದು ಯಾರೋ ಮಾಡುತ್ತಿರುವುದು ಎಂದೇ ತಿಳಿಯುವುದಿಲ್ಲ, ಹವಾಮಾನ ಎಂದುಕೊಳ್ಳುತ್ತಾನೆ. ಮಾಡುವವನಿಗಂತೂ ಕೇಳಿಸುವುದೇ ಇಲ್ಲ. ಅವನ ದೀಪ ಬೆಳಗುತ್ತಿದೆ, ಅವನಿಗೆ ಎಲ್ಲವೂ ನಿಶ್ಶಬ್ದ. ಚೌಕಾಸಿಗೆ ಕೂರಬೇಕಾದ ಇಬ್ಬರಲ್ಲಿ ಒಬ್ಬನಿಗೆ ಎದುರಾಳಿ ಇದ್ದಾನೆಂದು ಗೊತ್ತಿಲ್ಲ, ಇನ್ನೊಬ್ಬನಿಗೆ ಜಗಳ ಇದೆಯೆಂದೇ ಗೊತ್ತಿಲ್ಲ. ಇವರಿಬ್ಬರ ನಡುವೆ ನಿಂತು, ಎಲ್ಲ ಗೊತ್ತಿದ್ದೂ ಸುಮ್ಮನಿದ್ದ ಮೂರನೆಯವನೊಬ್ಬ ಇದ್ದಾನೆ. ಬೋರ್ಡಿನಲ್ಲಿ ಆ ಎರಡು ಜಾಗ ಖಾಲಿ ಬಿಟ್ಟವನು.

ಇನ್ನೊಂದು ವಾದವೂ ಮೀಟಿಂಗಿನಲ್ಲಿ ಬಂದಿತ್ತು, ನಾನೇ ನನಗೆ ಹೇಳಿಕೊಂಡದ್ದು: ಒಂದು ದೀಪದಿಂದ ಏನಾಗುತ್ತದೆ? ಡೆರಿಕ್ ಪಾರ್ಫಿಟ್ ಎಂಬ ತತ್ವಜ್ಞಾನಿ 1984ರ ತನ್ನ ಪುಸ್ತಕದಲ್ಲಿ ಇದಕ್ಕೊಂದು ದೃಷ್ಟಾಂತ ಕೊಟ್ಟಿದ್ದಾನೆ. ಸಾವಿರ ಮಂದಿ ಹಿಂಸಕರು, ಸಾವಿರ ಮಂದಿ ಕೈದಿಗಳು. ಹಿಂದೆ ಒಬ್ಬೊಬ್ಬ ಹಿಂಸಕ ತನ್ನ ಪಾಲಿನ ಒಬ್ಬ ಕೈದಿಯ ನೋವಿನ ಗುಂಡಿಯನ್ನು ಸಾವಿರ ಸಲ ತಿರುಗಿಸುತ್ತಿದ್ದ. ಈಗ ಪ್ರತಿಯೊಬ್ಬನೂ ಸಾವಿರ ಕೈದಿಗಳ ಗುಂಡಿಯನ್ನು ಒಂದೊಂದು ಸಲ ಮಾತ್ರ ತಿರುಗಿಸುತ್ತಾನೆ. ಒಂದು ತಿರುವಿನಿಂದ ಯಾವ ಕೈದಿಗೂ ನೋವು ಹೆಚ್ಚಿದ್ದು ಗೊತ್ತೇ ಆಗುವುದಿಲ್ಲ. ಕೊನೆಗೆ ಕೈದಿಗಳ ನೋವು ಮೊದಲಿನಷ್ಟೇ. ಆದರೆ ಈಗ ಪ್ರತಿಯೊಬ್ಬ ಹಿಂಸಕನೂ “ನಾನು ಯಾರಿಗೂ ನೋವು ಮಾಡಿಲ್ಲ” ಎಂದು ಹೇಳಬಹುದು. ನಗರದ ರೇಡಿಯೊ ಗದ್ದಲ ಹೀಗೆಯೇ ಸೇರುತ್ತದೆ. ನಿನ್ನ ಚಾರ್ಜರ್, ನನ್ನ ದೀಪ, ಮೇಲಿನವರ ಇನ್ವರ್ಟರ್, ಎದುರು ಕಟ್ಟಡದ ಸೋಲಾರ್. ಒಂದೊಂದೂ ಒಂದೊಂದು ತಿರುವು.

ನಿಯಂತ್ರಕರು ಇದನ್ನು ಯಾಕೆ ತಡೆಯುವುದಿಲ್ಲ ಎಂದು ಕೇಳಬಹುದು. ನಮ್ಮಲ್ಲಿ ತರಂಗಾಂತರಗಳನ್ನು ನೋಡಿಕೊಳ್ಳಲು 1952ರಿಂದಲೇ ಒಂದು ಘಟಕವಿದೆ, ಗದ್ದಲ ಎಲ್ಲಿಂದ ಎಂದು ಪತ್ತೆ ಮಾಡುವ ಕೇಂದ್ರಗಳಿವೆ. ಆದರೆ ಅವರ ಕಣ್ಣು ಹೆಚ್ಚಾಗಿ ಬೇಕೆಂದೇ ತರಂಗ ಹೊರಡಿಸುವ ಉಪಕರಣಗಳ ಮೇಲೆ. ದೀಪ ರೇಡಿಯೊ ಅಲ್ಲ. ಎಲ್‌ಇಡಿ ಡ್ರೈವರ್‌ಗಳಿಗೆ ಕಡ್ಡಾಯವಾಗಿರುವ ನೋಂದಣಿಯ ಪರೀಕ್ಷೆಗಳು ಸುರಕ್ಷತೆಗೆ ಸಂಬಂಧಿಸಿದ್ದು. ಶಾಕ್ ಹೊಡೆಯಬಾರದು, ಬೆಂಕಿ ಹತ್ತಬಾರದು. ಅದು ಮೊದಲು ಆಗಬೇಕಾದದ್ದೇ. ಅದರಾಚೆ ನಿಯಂತ್ರಕ ಎದ್ದು ಬರುವುದು ಹೆಚ್ಚಾಗಿ ಯಾರಾದರೂ ದೂರು ಕೊಟ್ಟಾಗ. ವಿಮಾನ ನಿಲ್ದಾಣ ದೂರು ಕೊಡುತ್ತದೆ, ಮೊಬೈಲ್ ಕಂಪನಿ ಕೊಡುತ್ತದೆ, ಇಂಟರ್‌ನೆಟ್ ಹೋದ ಊರು ಕೊಡುತ್ತದೆ. ಅಪ್ಪ ಕೊಡುವುದಿಲ್ಲ. ಅಪ್ಪನಂಥವರು ದೂರು ಕೊಡದೆ ರೇಡಿಯೊ ಬಂದ್ ಮಾಡುತ್ತಾರೆ. ಆಮೇಲೆ ನಾವು ಮೀಟಿಂಗಿನಲ್ಲಿ ಕೂತು “ಈಗ ಎಎಂ ಯಾರು ಕೇಳ್ತಾರೆ?” ಎನ್ನುತ್ತೇವೆ.

ಎರಡನೆಯ ಷರತ್ತಿನ ಬಗ್ಗೆ ನನ್ನ ತಕರಾರು ಇಲ್ಲಿಯೇ ಇದೆ. ಬಂದ ಅಡಚಣೆಯನ್ನೆಲ್ಲ ಒಪ್ಪಿಕೊ ಎಂಬ ಮಾತು ಯಂತ್ರಕ್ಕೆ ಸರಿ. ಮನುಷ್ಯ ಅದನ್ನು ಮೈಗೂಡಿಸಿಕೊಂಡರೆ ನೋಡುವವರಿಗೆ ಒಳ್ಳೆಯತನದಂತೆ ಕಾಣುತ್ತದೆ, ಪರಿಣಾಮದಲ್ಲಿ ಅದು ತಪ್ಪು ಮಾಡಿದವನಿಗೆ ಹೊದಿಕೆಯಾಗುತ್ತದೆ. ಊರು ಬಿಟ್ಟು ಬಂದ ನಮಗೆ ಈ ಷರತ್ತು ಚೆನ್ನಾಗಿ ಗೊತ್ತು. ಬಾಡಿಗೆ ಮನೆಯ ಸೋರುವ ಗೋಡೆ, ಸೊಸೈಟಿಯ ಸಭೆಯಲ್ಲಿ ಅರ್ಧ ಅರ್ಥವಾಗುವ ಭಾಷೆ, ಹೆಸರನ್ನು ತಪ್ಪಾಗಿ ಕೂಗುವ ಆಫೀಸು. ‘ಈ ಊರೇ ಹೀಗೆ’ ಎಂದು ಹೊಂದಿಕೊಳ್ಳುತ್ತೇವೆ. ಎಷ್ಟೋ ಸಲ ಊರು ಹಾಗಿರುವುದಿಲ್ಲ, ಯಾರೋ ಎಂಟು ರೂಪಾಯಿ ಉಳಿಸಿರುತ್ತಾರೆ. ಹತ್ತು ವರ್ಷ ಇಲ್ಲಿ ಹೊಂದಿಕೊಂಡು ಹೊಂದಿಕೊಂಡು, ನಾನು ಯಾವಾಗ ಉಳಿಸುವವರ ಕಡೆಗೆ ದಾಟಿದೆನೋ ನನಗೇ ತಿಳಿಯಲಿಲ್ಲ.

ಮೊದಲನೆಯ ಷರತ್ತೂ ಸಾಲದು ಎನಿಸುತ್ತದೆ. ಅಡಚಣೆ ಮಾಡಬೇಡ ಎಂದರೆ, ಕಂಡ ಅಡಚಣೆಗೆ ಮಾತ್ರ ನಾನು ಹೊಣೆ ಎಂದು ತಪ್ಪಿಸಿಕೊಳ್ಳಬಹುದು. ಗದ್ದಲ ಮಾಡುವವನಿಗೆ ಗದ್ದಲ ಕೇಳಿಸುವುದಿಲ್ಲವಾದ ಮೇಲೆ, ಹೋಗಿ ಕೇಳಿ ನೋಡುವುದೂ ಅವನದೇ ಕರ್ತವ್ಯವಾಗಬೇಕು. ದೂರು ಬರುವವರೆಗೆ ಕಾಯುವುದು ನಿಯಂತ್ರಕನ ಮಿತಿ. ಅದನ್ನೇ ನನ್ನ ನೀತಿಯ ಮಿತಿ ಮಾಡಿಕೊಳ್ಳಲಾಗದು. ಆ ಮೀಟಿಂಗಿನಲ್ಲಿ “ಇಲ್ಲ” ಎನ್ನುವ ಮೊದಲು ಒಂದು ರೇಡಿಯೊ ತರಿಸಿ ದೀಪದ ಪಕ್ಕ ಇಟ್ಟಿದ್ದರೆ ಸಾಕಿತ್ತು. ಹೊರಗೆ ಪೇಟೆಯಲ್ಲಿ ಐನೂರು ರೂಪಾಯಿಗೆ ಸಿಗುತ್ತದೆ.

ಮರುದಿನ ಕಂಪನಿಯಲ್ಲಿ ಮಾತೆತ್ತಿದೆ. ಹೊಸ ಮಾದರಿಯಲ್ಲಿ ಎರಡೂ ವಸ್ತುಗಳನ್ನು ವಾಪಸ್ ಹಾಕಲು ಮಾಲೀಕರು ಒಪ್ಪಿದರು. ಹಳೆಯ ಮಾದರಿಯ ಬಗ್ಗೆ ಸುಮ್ಮನಿರಿ ಎಂದರು. ಅದು ಪರೀಕ್ಷೆಗೆ ಕಳಿಸಿದ ಮಾದರಿಯಂತೆಯೇ ಇದೆ ಎಂಬ ಕಾಗದಕ್ಕೆ ಇನ್ನು ಸಹಿ ಹಾಕುವುದಿಲ್ಲ ಎಂದೆ. ಬೇರೆಯವರು ಹಾಕುತ್ತಿದ್ದಾರೆ. ಈ ವರ್ಷ ನನಗೆ ಇನ್‌ಕ್ರಿಮೆಂಟ್ ಬಂದಿಲ್ಲ. ಎರಡಕ್ಕೂ ಸಂಬಂಧವಿದೆ ಎಂದು ಯಾರೂ ಹೇಳಿಲ್ಲ, ನಾನೂ ಕೇಳಿಲ್ಲ. ಆಗಲೇ ಮಾರಾಟವಾದ ದೀಪಗಳು ಎಲ್ಲೆಲ್ಲಿ ಉರಿಯುತ್ತಿವೆಯೋ ದೇವರೇ ಬಲ್ಲ. ಅವುಗಳ ಕೆಳಗೆ ಯಾರು ಯಾವ ನಿಲಯ ಹುಡುಕಿ ಬಂದ್ ಮಾಡಿದರೋ ಅದೂ ತಿಳಿಯುವುದಿಲ್ಲ.

ತಿಳಿದಿರುವ ಕೆಲವಿವೆ. ಕಳೆದ ದೀಪಾವಳಿಗೆ ನಮ್ಮ ಸೊಸೈಟಿಯ ಮೆಟ್ಟಿಲುಗಳಿಗೆ ಇಪ್ಪತ್ತನಾಲ್ಕು ಟ್ಯೂಬ್‌ಲೈಟುಗಳನ್ನು ರಿಯಾಯಿತಿಯಲ್ಲಿ ಕೊಡಿಸಿ ಹೊಗಳಿಸಿಕೊಂಡಿದ್ದೆ. ಕಾರ್ಯದರ್ಶಿಗೆ ವಿಷಯ ಹೇಳಿದೆ. ಅವರು ನಕ್ಕು, ಬೆಳಕು ಬರುತ್ತಿದೆಯಲ್ಲ, ಕಾಕಾ ಬೇಕಾದರೆ ಮೊಬೈಲಿನಲ್ಲಿ ಕೇಳಲಿ ಎಂದರು. ನೀವು ಬೇಡವೆಂದರೂ ನಾನು ಸರಿಮಾಡುತ್ತೇನೆ ಎಂದೆ. ಅಂದಿನಿಂದ ಭಾನುವಾರಗಳಲ್ಲಿ ಎರಡೆರಡು ಇಳಿಸಿ, ಖಾಲಿ ಜಾಗಗಳಲ್ಲಿ ಸುರುಳಿ, ಕೆಪಾಸಿಟರ್ ಹಾಕಿ ಬೆಸೆದು ಮತ್ತೆ ಏರಿಸುತ್ತಿದ್ದೇನೆ. ಅಪ್ಪ ಟಾರ್ಚ್ ಹಿಡಿಯುತ್ತಾರೆ. ಇಷ್ಟು ಸಣ್ಣ ಸಾಮಾನು ಮೊದಲೇ ಯಾಕೆ ಹಾಕಲಿಲ್ಲ ಎಂದು ಒಮ್ಮೆ ಕೇಳಿದರು. “ಬ್ಯಾಡಂತ ಬಿಟ್ಟಿದ್ವಿ” ಎಂದೆ. ಯಾರು ಬಿಟ್ಟದ್ದು ಎಂದು ಅವರು ಕೇಳಲಿಲ್ಲ. ಟಾರ್ಚನ್ನು ನನ್ನ ಕೈಯ ಮೇಲೆಯೇ ಹಿಡಿದುಕೊಂಡು ನಿಂತರು.

ಇವತ್ತು ರಾತ್ರಿ ಬಾಲ್ಕನಿಯಲ್ಲಿ ಧಾರವಾಡ ಬರುತ್ತಿತ್ತು. ಯಾರದೋ ಹಾಡು, ಅಲೆಯಂತೆ ಏರುತ್ತ ಇಳಿಯುತ್ತ, ಅದರ ಅಡಿಯಲ್ಲಿ ಸಣ್ಣಗೆ ಗರಗರ.

“ಇನ್ನೂ ಅನ್ನಾಕತ್ತೈತೇನಪ್ಪಾ?”

“ಸ್ವಲ್ಪ ಐತಿ. ಮ್ಯಾಲಿನವರದಿರಬೇಕು. ನೀ ಹೋಗಿ ಹೇಳಬ್ಯಾಡ ಮತ್ತ, ಪಾಪ, ಅವರಿಗೇನು ಗೊತ್ತು.”

ಮೇಲಿನ ಮನೆಯವರೂ ನಮ್ಮ ಕಂಪನಿಯ ದೀಪ ಕೊಂಡಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ನಾಳೆ ಭಾನುವಾರ. ಸೋಲ್ಡರ್ ಮಾಡುವ ಸಾಮಾನು ತೆಗೆದಿಟ್ಟಿದ್ದೇನೆ. ಅಪ್ಪ ಬೇಡವೆಂದರೂ ಹೋಗಬೇಕು ಎಂದುಕೊಂಡಿದ್ದೇನೆ. ಬೆಲ್ ಒತ್ತಿ, ಬಾಗಿಲು ತೆರೆದವರಿಗೆ ಏನೆಂದು ಶುರುಮಾಡಬೇಕು ಎನ್ನುವುದು ಮಾತ್ರ ಇನ್ನೂ ಹೊಳೆದಿಲ್ಲ.